ಐಸ್ ಯಜ್ಞೇಶಯ್ಯನವರು

ನೆಮ್ಮಾರಿನ ಯಜ್ಞೇಶಯ್ಯನವರ ಪಕ್ಕದ ಎಲೆಗೆ ಕೂರಲು ಕೊಪ್ಪ, ಶೃಂಗೇರಿ ಎರಡೂ ಕಡೆಯ ಜನ ಹೆದರುತ್ತಾರೆ. ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರು ಬೇಸಿಗೆ ರಜೆಗೆಲ್ಲ ಉತ್ತರದ ತುದಿಯ ಒಂದು ಚಳಿದೇಶಕ್ಕೆ ಹೋಗಿ, ಅಲ್ಲಿಯ ಒಂದು ಹಿಮನದಿಯನ್ನು ಅಳೆದು ಬರುತ್ತಿದ್ದವರು. ಎಲೆಗೆ ಅನ್ನ ಬಿದ್ದ ಕೂಡಲೇ ಅದನ್ನು ಅಡ್ಡಕ್ಕೆ ಒಡ್ಡಿನ ಹಾಗೆ ಒತ್ತಿ, "ಇದು ಐಸು ಮಾರಾಯ, ಕಣಿವೆಗೆ ಅಡ್ಡ ನಿಂತಿದೆ" ಎಂದು ಅದರ ಹಿಂದೆ ಸಾರು ಬಡಿಸಿಕೊಳ್ಳುತ್ತಾರೆ. "ಇದು ಸಾವಿರಾರು ವರ್ಷದ ಹಿಂದಿನ ಸರೋವರ. ಈಗ ಐಸು ಕರಗ್ತು ನೋಡು" ಎಂದು ಬೆರಳಿನಿಂದ ಅನ್ನ ಬಿಡಿಸಿದರೆ ಸರೋವರ ಪಕ್ಕದವರ ಪಂಚೆಗೆ ಇಳಿಯುತ್ತದೆ. ಒಂದು ಮದುವೆಯಲ್ಲಿ ಬೀಗರೇ ಸಾರಿನಲ್ಲಿ ನೆನೆದರು. ಅವರು ಬೈದರೆ, "ಅಲ್ಲಿ ಗುಡ್ಡದ ಮೇಲೆ ಆ ನೀರಿನ ಗೆರೆ ಇನ್ನೂ ಉಂಟು, ನಿಮ್ಮ ಪಂಚೆಲಿ ಉಳಿದ್ರೆ ಎಂತ ಆಯ್ತು?" ಎಂದು ಇವರೇ ಜೋರು ಮಾಡಿದರು. ಆ ಚಳಿದೇಶದವರು ವರ್ಷಕ್ಕೊಮ್ಮೆ ಆ ಹಿಮನದಿಯ ಫೋಟೋ ಮೊಬೈಲಿಗೆ ಕಳಿಸುತ್ತಾರೆ. ಅದು ಬರುವವರೆಗೆ ಇವರಿಗೆ ಊಟ ಸೇರುವುದಿಲ್ಲ. ಈ ಸಲದ ಫೋಟೋದಲ್ಲಿ ಬರೀ ಕಲ್ಲಿತ್ತು, ಐಸು ಒಂದು ಚೂರೂ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ತುಂಗೆಯ ದಡದಲ್ಲಿ ಹಿರಿಯರಿಗೆಲ್ಲ ಎಳ್ಳುನೀರು ಬಿಟ್ಟ ಮೇಲೂ ಅವರು ಏಳಲಿಲ್ಲ. "ಇನ್ನೊಬ್ರಿದ್ದಾರೆ ಭಟ್ರೇ." "ಗೋತ್ರ?" "ಗೊತ್ತಿಲ್ಲ." "ಹಾಗಾದ್ರೆ ಕಾಶ್ಯಪ ಅನ್ನಿ. ಹೆಸರೆಂತ?" ಅವರು ಆ ಹಿಮನದಿಯ ಹೆಸರು ಹೇಳಿದರು; ಅದಕ್ಕೆ ಭಟ್ಟರ ನಾಲಿಗೆ ಹೊರಳಲಿಲ್ಲ. "ನಿಮಗೆ ಎಂತ ಆಗ್ಬೇಕು ಇವ್ರು?" ಎಂದಾಗ ಯಜ್ಞೇಶಯ್ಯನವರು ಹೊಳೆ ನೋಡುತ್ತಾ, "ನನಗಿಂತ ಮುಂಚೆ ಹೋಗಬಾರದಿತ್ತು" ಎಂದರು. ಭಟ್ಟರು ಮಗನಂತಿದ್ದ ಯಾರೋ ಪರದೇಶದವನೆಂದುಕೊಂಡು ದನಿ ತಗ್ಗಿಸಿ ಮಂತ್ರ ಹೇಳಿಸಿದರು. ಯಜ್ಞೇಶಯ್ಯನವರು ತಿದ್ದಲಿಲ್ಲ.