ಓಬಕ್ಕನ ಮೊದಲ ಸಿನಿಮಾ

ಓಬಕ್ಕ ಚಿತ್ರೀಕರಣದಲ್ಲಿ ಎಂದೂ ‘ಕಟ್’ ಎಂದವಳಲ್ಲ, ‘ಸಾಕು’ ಎನ್ನುತ್ತಿದ್ದಳು. ಪೋಲೆಂಡಿನಲ್ಲಿ ಅವಳ ಜೊತೆ ದುಡಿದವರೆಲ್ಲ ಆ ಒಂದು ಕನ್ನಡ ಪದ ಕಲಿತಿದ್ದರಂತೆ.

ಮೊಳಕಾಲ್ಮೂರಿನ ಕಡೆಯ ಕುರಿಗಾಹಿಗಳ ಮನೆಯವಳು. ಚಳ್ಳಕೆರೆಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಅಪ್ಪ ಬಿಟ್ಟುಹೋದ ಮೇಲೆ ಅವ್ವನೇ ಕೂಲಿ ಮಾಡಿ ಅವಳನ್ನು ಸಾಕಿದ್ದರು. ಓಬಕ್ಕನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ ಎಂದು ನಾವೆಲ್ಲ ನಗುತ್ತಿದ್ದೆವು.

ವಿದ್ಯಾರ್ಥಿವೇತನ ಸಿಕ್ಕಿ ಪೋಲೆಂಡಿನ ಸಿನಿಮಾ ಶಾಲೆ ಸೇರಿದಳು. ಹಗಲು ಪಾಠ, ಸಂಜೆ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. “ಇಲ್ಲಿ ಓಬಾ ಅಂದ್ರೆ ‘ಇಬ್ರೂ’ ಅಂತ ಕಣೇ. ನನ್ನ ಹೆಸ್ರು ಕೂಗಿದ್ರೆ ಪಕ್ಕದೋನೂ ಎದ್ದು ನಿಲ್ತಾನೆ!” ಎಂದು ಫೋನಿನಲ್ಲಿ ನಗುತ್ತಿದ್ದಳು. ಓದು ಮುಗಿದ ಮೇಲೆ ಧಾರಾವಾಹಿಗಳಿಗೆ ಸಹಾಯಕಿಯಾದಳು. ಹಿಮದ ಬೀದಿಯಲ್ಲಿ ಗುಂಪಿನ ದೃಶ್ಯದ ಜನರನ್ನು ನಡೆಸುವುದು ಅವಳ ಪಾಲಿನ ಕೆಲಸ. “ಕುರಿ ಹೊಡ್ದಂಗೇ ಐತೆ. ಯಾವಾಗ್ಲೂ ಒಬ್ರು ಹಿಂದೆ ಉಳೀತಾರೆ.”

ಹೋದ ವರ್ಷ ತನ್ನ ಮೊದಲ ಚಿತ್ರ ಹಿಡಿದು ಊರಿಗೆ ಬಂದಳು. ಮಧ್ಯಾಹ್ನ ಕಿಟಕಿ ಮುಚ್ಚಿ, ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅವ್ವನಿಗೂ ನನಗೂ ತೋರಿಸಿದಳು.

ಬಿಳಿ ಬಯಲು. ಪೋಲೆಂಡಿನ ಹೆಂಗಸೊಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಕೆರೆಯತ್ತ ನಡೆಯುತ್ತಾಳೆ. ನೀರಿನ ಅಂಚಿನಲ್ಲಿ ನಿಲ್ಲುತ್ತಾಳೆ. ನಮಗೆ ಕಾಣುವುದು ಅವಳ ಬೆನ್ನು, ಹೆಗಲ ಮೇಲೆ ಮಗುವಿನ ಮುಖ. ಮಗು ಮಲಗಿಲ್ಲ, ಕಣ್ಣು ಬಿಟ್ಟಿದೆ. ಎಷ್ಟೋ ಹೊತ್ತಿನ ಮೇಲೆ ತಾಯಿ ಹಿಂದಿರುಗುತ್ತಾಳೆ. ಮಗು ಥಟ್ಟನೆ ಕಣ್ಣು ಮುಚ್ಚಿಕೊಳ್ಳುತ್ತದೆ.

ನಾನು ಅದನ್ನು ಆ ದೇಶದ ಕತೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಅವ್ವ ಗೋಡೆ ಹಿಡಿದು ಎದ್ದರು.

“ಅವತ್ತು ನೀನು ಎಚ್ಚರ ಇದ್ಯೇನೇ?”

“ಹೂಂ ಅವ್ವ.”

“ಬಾವಿ ಕಂಡಿತ್ತಾ?”

“ಕಂಡಿತ್ತು.”

“ಮತ್ಯಾಕೆ ಅಳ್ಲಿಲ್ಲ?”

“ಅತ್ರೆ ನೀನು ಹೆದರ್ತೀಯಾ ಅಂತ.”

ಇಷ್ಟು ವರ್ಷ ಇವಳು ಇದನ್ನು ಎಲ್ಲಿಟ್ಟುಕೊಂಡಿದ್ದಳು? ಅವ್ವ ಹಿತ್ತಲಿಗೆ ಹೋದರು. ಓಬಕ್ಕ ಹಿಂದೆಯೇ ಓಡಿದಳು. ನಾನು ಕೂತಲ್ಲೇ ಕೂತಿದ್ದೆ.

ಮರುದಿನ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಅವಳನ್ನು ಕಳಿಸಲು ಹೋದೆ. ಅವಳ ಕಣ್ಣು ಊದಿದ್ದವು.

“ಆ ಸೀನು ತೆಗೆದುಬಿಡ್ಲಾ ಅಂತ ಅವ್ವನ್ನ ಕೇಳ್ದೆ,” ಎಂದಳು.

“ಏನಂದ್ರು?”

“ಇರ್ಲಿ ಬಿಡು ಅಂದ್ಳು. ಆಮೇಲೆ, ಅಷ್ಟು ಹಿಮದಾಗೆ ಆ ಕೂಸಿಗೆ ಚಳಿ ಆಗ್ಲಿಲ್ವೇನೇ ಅಂತ ಕೇಳಿದ್ಳು.”

ಬೆಂಗಳೂರಿನ ಬಸ್ಸು ಬಂತು. ಹತ್ತಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.