ಕೊನೆಯ ಪ್ಯಾರಾಕ್ಕೆ ತಳ್ಳಿದ ಬೀಗ

ಆ ದಿನ ಶಾಲೆಗೆ ಬೀಗ ಹಾಕಿತ್ತು, ಅದನ್ನು ನಾನೇ ನೋಡಿದ್ದೆ. ಆದರೂ ಮಹದೇವಮ್ಮ ಮಗಳನ್ನು ಶಾಲೆ ತಪ್ಪಿಸಿ ಹೊಗೆಸೊಪ್ಪಿನ ಕೆಲಸಕ್ಕೆ ಕೂರಿಸಿದ್ದಾಳೆ ಎಂದು ಪತ್ರಿಕೆಯಲ್ಲಿ ಬರೆದೆ.

ನಾನಾಗ ಹುಣಸೂರಿನಲ್ಲಿದ್ದುಕೊಂಡು ಸುತ್ತಲ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದ ವರದಿಗಾರ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ — ಎಲ್ಲಕ್ಕೂ ಒಂದೇ ಬೈಕು, ಒಂದೇ ಕ್ಯಾಮೆರಾ. ಭಾನುವಾರದ ಪುರವಣಿಗೆ ಬರೆಯಲು ಮೊದಲ ಸಲ ಅವಕಾಶ ಸಿಕ್ಕಿತ್ತು. ಪುರವಣಿ ನೋಡಿಕೊಳ್ಳುತ್ತಿದ್ದ ಹಿರಿಯರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ವರದಿ ಬೇಡ ಕಣ್ರೀ, ಪ್ರಬಂಧ ಬೇಕು. ನಿಮ್ಮ ನಿಲುವು ಮೊದಲನೇ ಸಾಲಲ್ಲೇ ಇರಲಿ. ಆಮೇಲಿನದೆಲ್ಲ ಅದಕ್ಕೆ ಕಂಬವಾಗಬೇಕು."

ಒಳ್ಳೆಯ ಸಲಹೆ. ಇವತ್ತಿಗೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಪ್ಪು ನಾನು ಅದನ್ನು ಬಳಸಿದ ರೀತಿಯಲ್ಲಿತ್ತು — ಊರಿಗೆ ಹೋಗುವ ಮೊದಲೇ, ಹುಣಸೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ, ಮೊದಲ ಸಾಲನ್ನು ಬರೆದು ಮುಗಿಸಿದ್ದೆ. "ನಮ್ಮ ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತಿರುವುದು ಬಡತನವಲ್ಲ, ಹೆತ್ತವರ ಕೈ." ಬರೆದು ಎರಡು ಸಲ ಓದಿಕೊಂಡೆ. ಸಾಲು ಸಿಕ್ಕಿತ್ತು. ಇನ್ನು ಕೈಯನ್ನು ಹುಡುಕಬೇಕಿತ್ತು.

ಪಿರಿಯಾಪಟ್ಟಣದ ಕಡೆಯ ಆ ಊರಿನ ಹೆಸರನ್ನು ಈಗ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು. ಹೊಗೆಸೊಪ್ಪು ಹದ ಮಾಡುವ ಕಾಲ. ಊರ ಬಾಯಲ್ಲೇ ಶಾಲೆ, ಬಾಗಿಲಿಗೆ ಬೀಗ. ಅದನ್ನು ದಾಟಿ ಹೋದರೆ ಒಂದು ಬ್ಯಾರನ್ — ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ, ಗೂಡಿನಂಥ ಎತ್ತರದ ಕಟ್ಟಡ. ಅದರ ನೆರಳಿನಲ್ಲಿ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅವರ ನಡುವೆ ಶಾಲೆಯ ಸಮವಸ್ತ್ರದಲ್ಲೇ ಒಬ್ಬ ಹುಡುಗಿ, ಅಂಗೈ ಎಲೆಯ ಅಂಟಿಗೆ ಕಪ್ಪಾಗಿತ್ತು. ನನಗೆ ಬೇಕಾದ ಕೈ! ಕ್ಯಾಮೆರಾ ತೆಗೆದೆ.

"ತೆಗೀರಿ ಸಾರ್, ಚೆನ್ನಾಗ್ ತೆಗೀರಿ. ನಮ್ ಮಾದೇವಮ್ಮ ಈ ಸಲ ಎಲೆಕ್ಷನ್‌ಗೆ ನಿಲ್ತಾಳೆ," ಎಂದು ಪಕ್ಕದ ಮುದುಕಿ ನಕ್ಕಳು.

"ಸುಮ್ಕಿರಕ್ಕಾ ನೀನು," ಎಂದು ಹುಡುಗಿಯ ತಾಯಿ ಎದ್ದು ಬಂದಳು. ಅವಳೇ ಮಹದೇವಮ್ಮ. "ಪೇಪರ್‌ನೋರಾ? ಸ್ಕೂಲ್ ಮುಂದ್ಲಿಂದ್ಲೇ ಬಂದ್ರಲ್ಲ, ಬೀಗ ನೋಡ್ನಿಲ್ವಾ? ಇರೋರು ಒಬ್ರೇ ಮೇಷ್ಟ್ರು, ಅವರ್ನೂ ಬೇರೆ ಕೆಲ್ಸಕ್ ಆಕವ್ರೆ. ಇನ್ನೊಬ್ರನ್ನ ಕೊಡಿ ಅಂತ ಬಿಇಒ ಆಫೀಸಿಗೆ ತಿರುಗೀ ತಿರುಗೀ ನನ್ ಚಪ್ಪಲಿ ಸವ್ದೋಯ್ತು. ಇವ್ಳು ಬೆಳಿಗ್ಗೆ ಬ್ಯಾಗ್ ತಕೊಂಡ್ ಓಗಿ ವಾಪಸ್ ಬಂದವ್ಳೆ. ಅದ್ನ ಬರೀರಿ ಮೊದ್ಲು."

"ಬರೆಯುತ್ತೇನೆ," ಎಂದೆ.

ಬರೆದೆ ಕೂಡ. ಇದೇ ನಾನು ಇಷ್ಟು ಕಾಲ ಅಡಗಿ ಕೂತ ಜಾಗ. ಬೀಗದ ಸಂಗತಿ, ಅವಳು ಶಾಲಾ ಸಮಿತಿಯ ಸದಸ್ಯೆ ಎಂಬುದು, ಮೇಷ್ಟ್ರಿಗಾಗಿ ಅಲೆದದ್ದು — ಎಲ್ಲವನ್ನೂ ಕೊನೆಯ ಪ್ಯಾರಾದಲ್ಲಿ ಬರೆದೆ. ಪತ್ರಿಕೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು: ಪುಟದಲ್ಲಿ ಜಾಗ ಸಾಲದೆ ಹೋದರೆ ಬರಹವನ್ನು ಬುಡದಿಂದ ಕತ್ತರಿಸುತ್ತಾರೆ. ಹಾಗೆಂದೇ ಮುಖ್ಯವಾದದ್ದನ್ನು ಮೇಲಿಡುವುದು ವರದಿಗಾರ ಕಲಿಯುವ ಮೊದಲ ಪಾಠ. ನಾನು ಕೇಳಿದ್ದಕ್ಕಿಂತ ಉದ್ದ ಬರೆದಿದ್ದೆ. ಕೊನೆಯ ಪ್ಯಾರಾ ಉಳಿಯುವುದಿಲ್ಲವೆಂದು ನನಗೆ — ಅನುಮಾನವಲ್ಲ, ಖಚಿತವಾಗಿ ಗೊತ್ತಿತ್ತು. ಆ ಬೀಗ ಮೇಲಕ್ಕೆ ಬಂದರೆ ನನ್ನ ಮೊದಲ ಸಾಲು ನಿಲ್ಲುತ್ತಿರಲಿಲ್ಲ. ಸಾಲನ್ನು ಉಳಿಸಿಕೊಂಡೆ.

ಭಾನುವಾರ ಪುರವಣಿ ಬಂತು. ಕೊನೆಯ ಪ್ಯಾರಾ ಇರಲಿಲ್ಲ. ಹಿರಿಯರು ಫೋನು ಮಾಡಿ ಹೊಗಳಿದರು. ಕತ್ತರಿಸಿದ್ದರ ಬಗ್ಗೆ ನಾನು ಒಂದು ಮಾತೂ ಕೇಳಲಿಲ್ಲ.

ಆ ಊರಿಗೂ ನಾನು ಮತ್ತೆ ಹೋಗಲಿಲ್ಲ. ಬರಹಕ್ಕೆ ಹೆಸರು ಬಂತು. ಈಗ ಪತ್ರಿಕೆಯಿಂದ ನಿವೃತ್ತನಾಗಿ, ಹುಣಸೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಪ್ರಬಂಧ ಬರೆಯುವುದನ್ನು ಕಲಿಸುತ್ತೇನೆ. ವರ್ಷ ವರ್ಷವೂ ಮಾದರಿಯೆಂದು ಹಂಚುತ್ತಿದ್ದದ್ದು ಅದೇ ಬರಹದ ಜೆರಾಕ್ಸ್, ಹುಡುಗಿಯ ಫೋಟೋ ಸಮೇತ. ಗಟ್ಟಿಯಾದ ಪ್ರತಿಪಾದನೆ ಹೇಗಿರುತ್ತದೆ, ಒಂದೊಂದು ಪ್ಯಾರಾವೂ ಅದನ್ನು ಹೇಗೆ ಹೊರುತ್ತದೆ ಎಂದು ಗೆರೆ ಎಳೆದು ತೋರಿಸುತ್ತಿದ್ದೆ. ಮಹದೇವಮ್ಮನ ಹೆಸರು ಮೂರನೇ ಪ್ಯಾರಾದಲ್ಲಿ ಉದಾಹರಣೆಯಾಗಿ ಬರುತ್ತಿತ್ತು.

ಹೋದ ಮಳೆಗಾಲದ ಒಂದು ತರಗತಿ. ಹಿಂದಿನ ಸಾಲಿನಿಂದ ಒಬ್ಬ, "ಇಂಥ ತಾಯೀನ ಮೊದ್ಲು ಒಳಗಾಕ್ಬೇಕು ಕಣ್ಲಾ," ಎಂದ. ಒಂದಷ್ಟು ಜನ ನಕ್ಕರು. ಕೋಟೆ ಕಡೆಯಿಂದ ಬರುವ ರಶ್ಮಿ ಎಂಬ ವಿದ್ಯಾರ್ಥಿನಿ ನಗಲಿಲ್ಲ.

"ಸಾರ್, ಆ ಹುಡ್ಗಿ ಯೂನಿಫಾರ್ಮ್ ಆಕೊಂಡವ್ಳೆ. ಸ್ಕೂಲ್ ತಪ್ಸಿ ಕೆಲ್ಸಕ್ ಕೂರ್ಸೋರು ಯೂನಿಫಾರ್ಮ್ ಯಾಕಾಕ್ತಾರೆ? ಅಂಟು ಓಗಲ್ಲ, ಬಟ್ಟೆ ಆಳಾಯ್ತದೆ. ಅವತ್ತು ಸ್ಕೂಲ್ ಬಾಗ್ಲು ತೆಗ್ದಿತ್ತಾ ಸಾರ್?"

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ನಾನು ಹೇಳಿದ್ದು ಬೇರೆ: "ವಾದ ಗಟ್ಟಿಯಾಗಿದ್ದರೆ ಅಂಥ ವಿವರ ಬೇಕಾಗುವುದಿಲ್ಲಮ್ಮ."

ಅವಳು ತಲೆಯಾಡಿಸಿ ಅದನ್ನು ಬರೆದುಕೊಂಡಳು. ಬರೆದುಕೊಂಡಳು — ಅದನ್ನು ನೋಡಿದ ಮೇಲೆ ಪಾಠ ಮುಂದುವರಿಸಲು ಆಗಲಿಲ್ಲ. ಒಮ್ಮೆ ಮಾಡಿದ ತಪ್ಪನ್ನು ವಿದ್ಯೆಯೆಂದು ಹಂಚುತ್ತಿದ್ದೆ.

ಅದೇ ವಾರ ಆ ಊರಿಗೆ ಹೋದೆ. ಶಾಲೆಗೆ ಬೀಗವಿತ್ತು, ತುಕ್ಕು ಹಿಡಿದಿತ್ತು. ಮಕ್ಕಳು ಈಗ ಪಕ್ಕದ ಊರಿಗೆ ಹೋಗುತ್ತಾರಂತೆ. ಮಹದೇವಮ್ಮ ಬ್ಯಾರನ್ನಿನ ಒಲೆಯ ಬಾಯಿಗೆ ಸೌದೆ ನೂಕುತ್ತಿದ್ದಳು. ಹೆಸರು ಹೇಳುವ ಮೊದಲೇ ಗುರುತು ಹಿಡಿದಳು.

"ಈಗ್ಯಾಕ್ ಬಂದ್ರಿ? ಇನ್ನೊಂದ್ ಫೋಟೋ ಬೇಕಾಗಿತ್ತಾ?"

ಬರಹ ಬಂದ ಮೇಲೆ ಏನಾಯಿತೆಂದು ಕೇಳಿದೆ. ಕೆಲಸ ನಿಲ್ಲಿಸದೆ ಹೇಳಿದಳು. "ಮೇಷ್ಟ್ರನ್ನ ಕೇಳಾಕೆ ಆಫೀಸಿಗೋದ್ರೆ ಪೇಪರ್ ತೋರುಸ್ಬುಟ್ರು. ಮೊದ್ಲು ನಿನ್ ಮಗ್ಳನ್ನ ಸ್ಕೂಲಿಗ್ ಕಳ್ಸು, ಆಮೇಲ್ ಮೇಷ್ಟ್ರನ್ನ ಕೇಳೀವಂತೆ ಅಂದ್ರು. ಅಲ್ಲಿದ್ದೋರೆಲ್ಲ ನಕ್ಕುಬುಟ್ರು ಕಣ್ರೀ. ಸಮಿತೀಲಿ ನೀನ್ ಬ್ಯಾಡ ಬುಡು ಅಂದ್ರು, ಬುಟ್ಟೆ. ಮಗ್ಳಂತೂ ಸ್ಕೂಲ್ ಅಂದ್ರೆ ಅಳೋಳು, ಪೇಪರ್ ಪುಟ್ಟಿ ಅಂತ ಆಡ್ಕೋತಿದ್ರು. ಒಸ ಅಗ್ರಹಾರದಲ್ಲಿ ನನ್ ತಂಗಿ ಮನೇಲ್ ಬುಟ್ಟೆ. ಓದುದ್ಲು ಬುಡಿ, ಈಗ ಸರಗೂರ್ನಲ್ಲಿ ಟೈಲರ್ ಅಂಗ್ಡಿ ಮಡಿಕ್ಕೊಂಡವ್ಳೆ. ಆದ್ರೆ ಅವ್ಳು ಬೆಳ್ದಿದ್ದು ನಾನ್ ನೋಡ್ನಿಲ್ಲ."

ಶಾಲೆ ಮುಚ್ಚಿದ್ದಕ್ಕೆ ನನ್ನ ಬರಹವೇ ಕಾರಣವೆಂದು ಹೇಳಲಾರೆ, ಅದಕ್ಕೆ ಆಧಾರವಿಲ್ಲ. ಆದರೆ ಆ ಊರಿನಲ್ಲಿ ಮೇಷ್ಟ್ರು ಬೇಕೆಂದು ಕೇಳುತ್ತಿದ್ದದ್ದು ಒಂದೇ ಬಾಯಿ, ಅದನ್ನು ಮುಚ್ಚಿಸಿದ್ದು ನಾನು. ಇದಕ್ಕೆ ಆಧಾರವಿದೆ.

ಅವಳೆದುರು ನಿಂತೂ ನನ್ನ ಬಾಯಿಂದ ಮೊದಲು ಬಂದದ್ದು ಹಳೆಯ ಮಾತೇ: "ಬೀಗದ ವಿಷಯ ನಾನು ಬರೆದಿದ್ದೆ, ಕೊನೆಯಲ್ಲಿ. ಪತ್ರಿಕೆಯವರು ಕತ್ತರಿಸಿದರು." ಅವಳು ಇನ್ನೊಂದು ಸೌದೆ ಎತ್ತಿಕೊಂಡಳು. ಆಗ ಉಳಿದದ್ದನ್ನೂ ಹೇಳಿದೆ — "ಕತ್ತರಿಸುತ್ತಾರೆಂದು ಗೊತ್ತಿದ್ದೇ ಅಲ್ಲಿಟ್ಟಿದ್ದೆ."

ಸೌದೆ ಕೆಳಗಿಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

"ಈಗೇನ್ ಮಾಡ್ತೀರಿ?"

"ಬರೆಯುತ್ತೇನೆ."

"ಅವತ್ತೂ ಅಂಗೇ ಅಂದಿದ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬರೀರಿ. ನನ್ ಎಸ್ರೂ ಆಕಿ, ಅವತ್ತು ಆಕಿದ್ರಲ್ಲ. ಆದ್ರೆ ಮೊದಲ್ನೇ ಸಾಲಲ್ಲೇ ಬರೀರಿ. ಕೊನೇಗಂಟ ಯಾರ್ ಓದ್ತಾರೆ?"

ಮುಂದಿನ ತರಗತಿಯಲ್ಲಿ ಹಳೆಯ ಜೆರಾಕ್ಸುಗಳನ್ನು ವಾಪಸು ಪಡೆದೆ. ರಶ್ಮಿಯ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಟ್ಟೆ: ಇಲ್ಲ, ಬಾಗಿಲು ತೆಗೆದಿರಲಿಲ್ಲ. ಪ್ರತಿಪಾದನೆ ಗಟ್ಟಿಯಾಗಿರಲಿ ಎಂದು ಈಗಲೂ ಕಲಿಸುತ್ತೇನೆ. ಅದನ್ನು ಊರಿಗೆ ಹೋಗಿ ಬಂದ ಮೇಲೆ ಬರೆಯಿರಿ, ಅದನ್ನು ಕೆಡವಬಲ್ಲ ಸಂಗತಿಯನ್ನು ಅದರ ಪಕ್ಕದಲ್ಲೇ ಇಡಿ, ಆಗಲೂ ನಿಂತರೆ ಉಳಿಸಿಕೊಳ್ಳಿ ಎನ್ನುತ್ತೇನೆ. ಈ ಬರಹವನ್ನು ಅದೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಹಾಕದಿದ್ದರೆ ಬೇರೆಡೆ ಕಳಿಸುತ್ತೇನೆ. ಅಚ್ಚಾದ ಪ್ರತಿಯನ್ನು ನಾನೇ ಹಿಡಿದುಕೊಂಡು ಮೊದಲು ಮಹದೇವಮ್ಮ ಮೇಷ್ಟ್ರಿಗಾಗಿ ಅಲೆದ ಆ ಆಫೀಸಿಗೆ, ಆಮೇಲೆ ಆ ಬ್ಯಾರನ್ನಿಗೆ, ಕೊನೆಗೆ ಸರಗೂರಿನ ಆ ಅಂಗಡಿಗೆ ಹೋಗುತ್ತೇನೆ.

ಜಾಗ ಸಾಲದೆ ಯಾರಾದರೂ ಈ ಪ್ಯಾರಾವನ್ನು ಕತ್ತರಿಸಿದರೆ ತಕರಾರಿಲ್ಲ. ಇದರಲ್ಲಿ ಏನನ್ನೂ ಇಟ್ಟಿಲ್ಲ. ಮಹದೇವಮ್ಮ ಹೇಳಿದ್ದು ಮೇಲಿದೆ, ಮೊದಲನೇ ಸಾಲಿನಲ್ಲಿ.