ಎಡಕ್ಕೆ ಸುತ್ತಿದ ಮೂಡೆ

ಮಣಿಪಾಲದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾಸನೆಗಳಿಗೆ ಬಾಗಿಲಿಲ್ಲ. ಯಾರ ಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದಾರೆ, ಯಾರು ಹಾಲು ಉಕ್ಕಿಸಿ ಸುಮ್ಮನಿದ್ದಾರೆ ಎಂಬುದು ಮೆಟ್ಟಿಲು ಹತ್ತುವವರಿಗೆಲ್ಲ ಗೊತ್ತಾಗುತ್ತದೆ. ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಾಗಿಲಿಗೆ ಕೀಲಿ ಹಾಕುತ್ತಿದ್ದವಳು ಹಾಗೆಯೇ ನಿಂತುಬಿಟ್ಟೆ. ಎದುರು ಮನೆಯಿಂದ ಬೆಂದ ಎಲೆಯ ವಾಸನೆ ಬರುತ್ತಿತ್ತು. ಅಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಬೆಂದ ಎಲೆ. ಆ ಮನೆಯಲ್ಲಿದ್ದವಳು ವಿಯೆಟ್ನಾಂನಿಂದ ಓದಲು ಬಂದ ಹುಡುಗಿ, ಲಿನ್. ಇಣುಕಿದರೆ, ದೊಡ್ಡ ಪಾತ್ರೆಯಲ್ಲಿ ಬಾಳೆ ಎಲೆಯ ಚೌಕ ಪೊಟ್ಟಣಗಳು ಕುದಿಯುತ್ತಿದ್ದವು. ಅಂಟಕ್ಕಿಯ ನಡುವೆ ಹೆಸರುಬೇಳೆ ತುಂಬಿ ಕಟ್ಟಿದ ಈ ಕಡುಬು ಇಲ್ಲದೆ ಅವರ ಹೊಸ ವರ್ಷ ಆಗುವುದೇ ಇಲ್ಲವಂತೆ. ಊರಿನಲ್ಲಿ ಅದಕ್ಕೆಂದೇ ಬೇರೆ ಎಲೆ ಇದೆಯಂತೆ, ಇಲ್ಲಿ ಬಾಳೆಯಲ್ಲೇ ಸುಧಾರಿಸಿಕೊಂಡಿದ್ದಳು. ಒಂದು ಪೊಟ್ಟಣ ನನ್ನ ಕೈಗಿಟ್ಟಳು. ಎಲೆ ಬಿಡಿಸಿದರೆ ಒಳಗಿನ ಕಡುಬಿನ ಮೇಲೆ ಎಲೆಯ ನರಗಳ ಗೆರೆ ಹಾಗೆಯೇ ಅಚ್ಚಾಗಿ ಉಳಿದಿತ್ತು. ಅದನ್ನು ನೋಡಿದ್ದೇ ತಡ, ನಾನು ಮಣಿಪಾಲದಲ್ಲಿರಲಿಲ್ಲ, ಕಾಪುವಿನ ಅಜ್ಜಿಮನೆಯ ಹಿಂದಿನ ಜಗಲಿಯಲ್ಲಿದ್ದೆ.

ನಮ್ಮದು ಮೀನಿನ ವ್ಯಾಪಾರದ ಮನೆ. ಅಜ್ಜಿ ತಲೆಹೊರೆಯಲ್ಲಿ ಮೀನು ಮಾರಿ ಮಕ್ಕಳನ್ನು ಬೆಳೆಸಿದವರು. ವರ್ಷವಿಡೀ ಮನೆಯ ಗೋಡೆಗೂ ಮೀನಿನ ವಾಸನೆ, ಕೃಷ್ಣಾಷ್ಟಮಿಯ ಹಿಂದಿನ ದಿನ ಮಾತ್ರ ಬುಟ್ಟಿಗಳೆಲ್ಲ ಸ್ನಾನ ಮಾಡಿ ಅಂಗಳದಾಚೆ ಬೋರಲು ಬೀಳುತ್ತಿದ್ದವು. ಆಮೇಲೆ ಮನೆಗೆ ಮುಂಡೇವಿನ ಎಲೆ ಬರುತ್ತಿತ್ತು. ತೋಡಿನ ಬದಿಯಲ್ಲಿ ಬೆಳೆಯುವ, ಕೇದಗೆಯ ಜಾತಿಯ ಉದ್ದನೆಯ ಎಲೆ. ಎರಡು ಅಂಚಿನಲ್ಲೂ ಬೆನ್ನಿನಲ್ಲೂ ಮುಳ್ಳು, ಮುಟ್ಟಿದವರಿಗೆಲ್ಲ ಬುದ್ಧಿ ಕಲಿಸುವಂಥದ್ದು. ಕತ್ತಿಯಿಂದ ಮುಳ್ಳು ಹೆರೆದು, ಕೆಂಡದ ಮೇಲೆ ಆಡಿಸಿ ಬಾಡಿಸಿದರೆ ಅದೇ ಎಲೆ ಹೇಳಿದ ಹಾಗೆ ಕೇಳುತ್ತದೆ. ಆಗ ಅದನ್ನು ಸುತ್ತುತ್ತಾ ಕೊಳವೆ ಮಾಡಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ, ಅಕ್ಕಿ ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ. ಈಗ ಉಡುಪಿಯ ರಸ್ತೆ ಬದಿಯಲ್ಲಿ ಸುತ್ತಿದ ಕೊಳವೆಗಳೇ ಮಾರಾಟಕ್ಕೆ ಸಿಗುತ್ತವೆ. ನಾನೂ ಕೊಳ್ಳುತ್ತೇನೆ, ನೀವೂ ಕೊಳ್ಳುತ್ತೀರಿ. ಆದರೆ ಬಾಡುವ ಎಲೆಯ ಆ ಪರಿಮಳ ಕೊಳವೆಯ ಜೊತೆಗೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಮೂಡೆ ಸುತ್ತುವುದರಲ್ಲಿ ದೊಡ್ಡಮ್ಮನನ್ನು ಮೀರಿಸಿದವರಿಲ್ಲ. ಅಮ್ಮನ ಅಕ್ಕ ಅವರು, ಮದುವೆಯಾಗಿ ಕಲ್ಯಾಣಪುರಕ್ಕೆ ಹೋಗಿ ಮುಂದಿನ ಮಳೆಗಾಲಕ್ಕೆ ಮೊದಲೇ ಮರಳಿ ಬಂದವರು. ಅಲ್ಲಿ ಏನೇನು ನಡೆಯಿತೋ, ನಮ್ಮೆದುರು ಯಾರೂ ಬಾಯಿ ಬಿಡಲಿಲ್ಲ. ಎಡಗೈಯಲ್ಲಿ ಬಡಿಸಿದರು ಎಂಬುದೂ ಆ ಜಗಳದಲ್ಲಿ ಒಂದು ಮಾತಾಗಿತ್ತು ಎಂದು ಅಮ್ಮ ಒಮ್ಮೆ ಹೇಳಿದ್ದುಂಟು. ದೊಡ್ಡಮ್ಮ ಎಡಚಿ. ಮೀನು ಹೆಚ್ಚುವುದು, ಗುಡಿಸುವುದು, ನನ್ನ ಜಡೆ ಹೆಣೆಯುವುದು ಎಲ್ಲ ಎಡಗೈಯಲ್ಲೇ. ಎಲ್ಲರ ಕೈಯಲ್ಲಿ ಎಲೆ ಬಲಕ್ಕೆ ಸುತ್ತುತ್ತಾ ಮೇಲೇರಿದರೆ ಅವರ ಕೈಯಲ್ಲಿ ಎಡಕ್ಕೆ ಏರುತ್ತಿತ್ತು. ಬೆಂದ ಮೇಲೆ ಎಲೆ ಬಿಚ್ಚಿದರೂ ಗುಟ್ಟು ಅಡಗುತ್ತಿರಲಿಲ್ಲ. ಬಿಳಿ ಮೂಡೆಯ ಮೈಮೇಲಿನ ಓರೆ ಗೆರೆಗಳೇ ಇದು ಅವರದ್ದೆಂದು ಹೇಳಿಬಿಡುತ್ತಿದ್ದವು.

ಅವರ ಮೂಡೆ ಒಂದು ಹನಿ ಹಿಟ್ಟನ್ನೂ ಸೋರಗೊಡುತ್ತಿರಲಿಲ್ಲ. ನೆಂಟರಿಗೆ ಕೊಡುವುದು ಅವರದ್ದೇ, ನಾವು ಮಕ್ಕಳು ಜಗಳವಾಡಿ ತಿನ್ನುತ್ತಿದ್ದದ್ದೂ ಅವರದ್ದೇ. ದೇವರ ಎಡೆಗೆ ಮಾತ್ರ ಅದು ಸಲ್ಲುತ್ತಿರಲಿಲ್ಲ. ಅಷ್ಟಮಿಯ ಸಂಜೆ ತೊಂದೂರಿನ, ಅಂದರೆ ಹಬೆಪಾತ್ರೆಯ, ಮುಚ್ಚಳ ತೆಗೆದು ಅಜ್ಜಿ ದೇವರಿಗೆಂದು ಆರಿಸುತ್ತಿದ್ದರು. ಎಡಕ್ಕೆ ಸುತ್ತಿದ್ದು ಕೈಗೆ ಬಂದರೆ, "ಇದನ್ನು ಬದಿಗಿಡು" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ. ಅಜ್ಜಿ ಕೆಟ್ಟವರಲ್ಲ, ಅವರ ಪ್ರಕಾರ ದೇವರಿಗೆ ಅದು ಆಗುವುದಿಲ್ಲ, ಅಷ್ಟೇ. ದೊಡ್ಡಮ್ಮ ಎದುರಾಡದೆ ಬದಿಗಿಡುತ್ತಿದ್ದರು. ಪ್ರತಿ ವರ್ಷವೂ ಮತ್ತೆ ಅಷ್ಟೇ ಚೆನ್ನಾಗಿ ಸುತ್ತಿ ತಂದಿಡುತ್ತಿದ್ದರು. ಒಂದು ಸಲವಾದರೂ ಅಜ್ಜಿಯ ಕೈ ಅದನ್ನೆತ್ತಿ ಸುಮ್ಮನೆ ಎಡೆಯತ್ತ ಹೋಗಬಹುದು ಎಂದು ಕಾಯುತ್ತಿದ್ದರೆಂದು ನನಗೆ ಈಗ ಅನ್ನಿಸುತ್ತದೆ.

ನನಗೆ ಕಲಿಯುವ ವಯಸ್ಸು ಬಂದಾಗ ಅವರ ಪಕ್ಕದಲ್ಲಿ ಹೋಗಿ ಅಂಟಿಕೊಂಡು ಕುಳಿತೆ. ದೊಡ್ಡಮ್ಮ ನನ್ನ ಮೊಣಕೈ ಮೆಲ್ಲನೆ ತಳ್ಳಿದರು.

"ಇಲ್ಲಿ ಬೇಡ ಮಗಾ. ಎದುರು ಕೂತ್ಕೋ."

"ಯಾಕೆ?"

"ಎದುರು ಕೂತು ನೋಡಿದ್ರೆ ನನ್ನ ಎಡಗೈ ನಿನಗೆ ಬಲಗೈ ಆಗ್ತದೆ. ಕನ್ನಡಿಯಲ್ಲಿ ನೋಡಿದ ಹಾಗೆ ಮಾಡು, ಸರಿ ಬರ್ತದೆ." ಎಲೆಯ ಮೇಲೆ ಕಣ್ಣಿಟ್ಟೇ ಹೇಳಿದರು, "ನಂದು ಹೇಗೂ ಇಡುದಿಲ್ಲ. ನಿಂದಾದ್ರೂ ದೇವರಿಗೆ ಹೋಗ್ಲಿ."

ಹಾಗೆ ನಾನು ಎದುರು ಕುಳಿತು ಕಲಿತೆ. ಮುಳ್ಳು ಚುಚ್ಚಿಸಿಕೊಂಡೆ, ಕಡ್ಡಿ ಮುರಿದೆ, ನನ್ನ ಕೊಳವೆಗಳಿಂದ ಹಿಟ್ಟು ಸೋರಿ ತೊಂದೂರಿನ ನೀರೆಲ್ಲ ಗಂಜಿಯಾಯಿತು. ಮರುವರ್ಷ ಒಂದು ಮೂಡೆ ನೆಟ್ಟಗೆ ನಿಂತಿತು. ಬಲಕ್ಕೆ ಏರಿದ ಸುತ್ತು, ದೊಡ್ಡಮ್ಮನದೇ ಬಿಗಿ. ಆ ಸಂಜೆ ಅಜ್ಜಿ ಅದನ್ನು ಎತ್ತಿ, ತಿರುಗಿಸಿ ನೋಡಿ, ಎಡೆಯಲ್ಲಿಟ್ಟರು. ದೊಡ್ಡಮ್ಮ ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಣಗಿದ್ದ ಕೈಯನ್ನೇ ಸೆರಗಿಗೆ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ಮರುದಿನ ಆ ಮೂಡೆಯ ಒಂದು ತುಂಡನ್ನು ಬೆಲ್ಲದ ಕಾಯಿಹಾಲಿನಲ್ಲಿ ಅದ್ದಿ ತಿಂದು, "ಉಪ್ಪು ಸರಿ ಉಂಟು" ಎಂದರು. ಅವರು ನನ್ನನ್ನು ಹೊಗಳಿದ್ದು ಅಷ್ಟೇ.

ಅಜ್ಜಿ ಹೋದರು. ಮನೆ ಪಾಲಾಯಿತು, ಜಗಲಿ ಇದ್ದ ಜಾಗದಲ್ಲಿ ಈಗ ಕಡಲು ನೋಡಲು ಬರುವವರ ಕಾರುಗಳು ನಿಲ್ಲುತ್ತವೆ. ದೊಡ್ಡಮ್ಮ ಕೊನೆಗಾಲದಲ್ಲಿ ನನ್ನ ಜೊತೆಗಿದ್ದರು. ಆಗ ಎಡೆ ಇಡುವವಳು ನಾನೇ, ಬದಿಗಿಡು ಎನ್ನುವವರೂ ಇರಲಿಲ್ಲ. ಆದರೆ ಅವರ ಎಡಗೈ ನಡುಗುತ್ತಿತ್ತು, ಎಲೆ ನಿಲ್ಲುತ್ತಿರಲಿಲ್ಲ. "ನೀನೇ ಮಾಡು" ಎಂದು ಎಲೆಯನ್ನು ನನ್ನತ್ತ ಸರಿಸಿದರು. ಅವರು ಹೋದ ಮೇಲಿನ ಅಷ್ಟಮಿಗೆ ಅವರ ಹಾಗೆ ಒಂದೇ ಒಂದು ಸುತ್ತಬೇಕೆಂದು ಕುಳಿತೆ. ಎಷ್ಟು ತಿಣುಕಿದರೂ ಕೈ ಬಲಕ್ಕೇ ಹೋಯಿತು. ಅವರು ಅಷ್ಟು ಚೆನ್ನಾಗಿ ಕಲಿಸಿದ್ದರು. ಜಗತ್ತಿನಲ್ಲಿ ಇನ್ನು ಆ ಸುತ್ತು ಇಲ್ಲ ಎಂದು ಗೊತ್ತಾಗಿ ಎಲೆಗಳ ನಡುವೆ ಕುಳಿತು ಅತ್ತೆ.

ಲಿನ್ ಕೊಟ್ಟ ಕಡುಬಿಗೆ ಬದಲಾಗಿ ಏನಾದರೂ ಕೊಡಬೇಕಲ್ಲ. ಮುಂದಿನ ಭಾನುವಾರ ಅಲೆವೂರಿನ ತೋಡಿನ ಬದಿಯಿಂದ ಎಲೆ ಕೊಯ್ದು ತಂದು ಅವಳನ್ನು ಕರೆದೆ. ಗ್ಯಾಸಿನ ಉರಿಯಲ್ಲಿ ಎಲೆ ಬಾಡಿಸಿ, ನೆಲದ ಮೇಲೆ ಚಾಪೆ ಹಾಸಿದೆ. ಅವಳು ನನ್ನ ಎದುರು ಕುಳಿತಳು. ಕಟ್ಟುವ ಕೈ ಹುಟ್ಟಿನಿಂದಲೇ ಬಂದವಳು, ನಾನು ಎರಡು ಸುತ್ತಿ ತೋರಿಸುವಷ್ಟರಲ್ಲಿ ತಾನೇ ಒಂದು ಎಲೆ ಎತ್ತಿಕೊಂಡಳು. ಹಿಟ್ಟು ಹೊಯ್ದು ಬೇಯಿಸಿದೆವು. ಮುಚ್ಚಳ ತೆಗೆದು, ಹಬೆ ಸರಿದ ಮೇಲೆ ನೋಡುತ್ತೇನೆ, ನನ್ನ ಮೂಡೆಗಳ ನಡುವೆ ಅವಳದೊಂದು ಬೇರೆಯೇ ನಿಂತಿದೆ. ಎದುರು ಕುಳಿತು, ಕಂಡದ್ದನ್ನು ಕಂಡ ಹಾಗೆ ಮಾಡಿದ್ದಳು. ಸುತ್ತು ಎಡಕ್ಕೆ ಏರಿತ್ತು.

ತಪ್ಪಾಯಿತೇ ಎಂಬಂತೆ ಅವಳು ನನ್ನ ಮುಖ ನೋಡಿದಳು. ಇಲ್ಲ ಎಂದು ತಲೆಯಾಡಿಸಿದೆ. ಅದನ್ನು ಎತ್ತಿ, ಎಲೆ ಬಿಚ್ಚದೆ, ಬಿಸಿಬಿಸಿಯಾಗಿಯೇ ದೇವರ ಮುಂದೆ ಇಟ್ಟೆ.